ಡಿಸೆಂಬರ್ ಜಾಡಿ

ಮೂರನೇ ಮಹಡಿಯ ಮನೆಯಿಂದ
ಡಿಸೆಂಬರ್ ೨೬, ಬೆಳಗಿನ ಕಾಫಿ ಆದ ಮೇಲೆ

ಪ್ರೀತಿಯ ಗುಬ್ಬಿ,

ಹೇಗಿದ್ದೀಯಮ್ಮ? ಕೆಮ್ಮು ಇಳಿಯಿತೇ? ಹೋದ ವಾರ ಫೋನಿನಲ್ಲಿ ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದೆ. ಹಾಸ್ಟೆಲ್ ವಾರ್ಡನ್ ಆದವಳು ಬಿಸಿನೀರು ಕುಡಿಯಿರಿ ಎಂದು ಹುಡುಗಿಯರಿಗೆ ಗೋಡೆಯ ಮೇಲೆ ಬರೆಸಿ, ತಾನು ಮಾತ್ರ ಫ್ರಿಜ್ಜಿನ ಬಾಟಲಿ ಎತ್ತುವುದು ಯಾವ ನ್ಯಾಯ? ನಾನು ಚೆನ್ನಾಗಿದ್ದೇನೆ. ಮಂಡಿಯದು ಅದೇ ಹಳೆಯ ರಾಗ. ಸಕ್ಕರೆ ಕಾಯಿಲೆಯ ಸಮಾಚಾರ ಆಮೇಲೆ ಬರೆಯುತ್ತೇನೆ, ಅದು ಈ ಕಾಗದದ ವಿಷಯಕ್ಕೇ ಸೇರಿದ್ದು. ಇಷ್ಟುದ್ದ ಬರೆಯುವ ಬದಲು ಫೋನ್ ಮಾಡಬಾರದಿತ್ತೇ ಎಂದು ಕೇಳುತ್ತೀಯ. ಫೋನಿನಲ್ಲಿ ನನ್ನ ನಾಲಗೆ ನನ್ನ ಮಾತು ಕೇಳುವುದಿಲ್ಲ ಮಗಳೇ. ಆ ಕಡೆಯಿಂದ ನೀನು ಮೆತ್ತಗೆ ಒಮ್ಮೆ ಹ್ಞೂಂ ಅಂದರೆ ಸಾಕು, ನನಗೆ ಅನುಕೂಲವಾದ ಕಡೆಗೆ ಮಾತು ಹರಿದುಬಿಡುತ್ತದೆ. ಕಾಗದದ ಮೇಲೆ ಹಾಗಲ್ಲ, ಬರೆದದ್ದು ಎದುರಿಗೇ ಕೂತು ನಮ್ಮನ್ನು ನೋಡುತ್ತಿರುತ್ತದೆ. ಕಾಲೇಜಿನಲ್ಲಿ ಕಲಿಸಿದ್ದರು, ಐ ಬೆಗ್ ಟು ಸ್ಟೇಟ್ ದಿ ಫಾಲೋಯಿಂಗ್ ಫ್ಯೂ ಲೈನ್ಸ್ ಫಾರ್ ಯುವರ್ ಕೈಂಡ್... ಮುಂದೆ ಕನ್ಸಿಡರೇಶನ್ನೋ ಕಂಡೋಲೆನ್ಸೋ ಮರೆತುಹೋಗಿದೆ. ಯಾವುದಾದರೂ ನಡೆದೀತು.

ಇಲ್ಲಿ ಡಿಸೆಂಬರ್ ಎಂದಿನ ಹಾಗೆಯೇ ಬಂದಿದೆ. ಎಲ್ಲರ ಬಾಲ್ಕನಿಯಲ್ಲೂ ಕಾಗದದ ನಕ್ಷತ್ರಗಳು ತೂಗುತ್ತಿವೆ, ನಮ್ಮದನ್ನು ಬಿಟ್ಟು. ನಮ್ಮ ನಕ್ಷತ್ರದ ವೈರು ಸುಟ್ಟಿದೆಯೋ ಬಲ್ಬೇ ಹೋಗಿದೆಯೋ ನೋಡುವ ಮನಸ್ಸಾಗಲಿಲ್ಲ. ಬೀದಿಯ ಎರಡೂ ಬದಿಗೆ ಬಣ್ಣದ ದೀಪದ ಸರ ಎಳೆದಿದ್ದಾರೆ, ಬೇಕರಿಯ ಮುಂದೆ ಬೆಳಗಿನಿಂದಲೇ ಸಾಲು. ಮೆಟ್ಟಿಲ ಬಳಿ ಸಂಜೆ ಹಾಡಿನ ಅಭ್ಯಾಸ ನಡೆಯುತ್ತದೆ. ಎರಡನೇ ಮಹಡಿಯ ಟೈಲರು ಈ ವರ್ಷವೂ ಎಲ್ಲರಿಗಿಂತ ಮುಂದೆ ಶುರುಮಾಡಿ ಎಲ್ಲರಿಗಿಂತ ಹಿಂದೆ ಮುಗಿಸುತ್ತಾನೆ. ನಿನ್ನ ಅಮ್ಮ ಇದ್ದಿದ್ದರೆ ಕತ್ತರಿ ಹಾಕೋ ಮಾರಾಯ ಅನ್ನುತ್ತಿದ್ದಳು.

ಇನ್ನು ಜಾಡಿಯ ವಿಷಯ. ನೀನು ಚಿಕ್ಕವಳಿದ್ದಾಗ ಸ್ಟೂಲಿನ ಮೇಲೆ ನಿಂತು ಕಲಕುತ್ತಿದ್ದೆಯಲ್ಲ, ಅದೇ ದೊಡ್ಡ ಗಾಜಿನ ಜಾಡಿ. ವರ್ಷದ ಕೊನೆಯ ಸಂಜೆ ತಾರಸಿಯಲ್ಲಿ ಕತ್ತರಿಸುವ ಕೇಕಿಗೆ ಇಡೀ ಕಟ್ಟಡದ ಒಣಹಣ್ಣು ಅದರಲ್ಲೇ ನೆನೆಯುತ್ತದೆ. ಕೆಲವರ ಮನೆಯಲ್ಲಿ ರಮ್ಮಿನ ಹೆಸರೆತ್ತುವಂತಿಲ್ಲ ಎಂದು ನಿನ್ನ ಅಮ್ಮ ಕಿತ್ತಳೆ ರಸಕ್ಕೆ ಸಕ್ಕರೆ ಹಾಕಿ, ಗಟ್ಟಿಯಾಗಿ ಕುದಿಸಿ ಆರಿಸಿ ಸುರಿಯುವ ಪದ್ಧತಿ ಮಾಡಿದಳು. ಒಂದೊಂದು ವಾರ ಒಂದೊಂದು ಮನೆ. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ಕಲಕಬೇಕು, ಒದ್ದೆ ಕೈ ತಾಗಬಾರದು, ರುಚಿ ನೋಡಬಾರದು. ರಸ ಎಲ್ಲಿಯವರೆಗೆ ಇರಬೇಕು ಎಂದು ಜಾಡಿಯ ಹೊರಗೆ ಆಕೆ ಅಂಟಿಸಿದ ಬಿಳಿ ಪಟ್ಟಿ ಈಗಲೂ ಇದೆ. ರಸ ಪಟ್ಟಿಗಿಂತ ಕೆಳಗಿಳಿದರೆ ಮೇಲ್ಮನೆ ಆಂಟಿಗೆ ಹೇಳಬೇಕು, ಅವರು ಕುದಿಸಿದ ರಸ ತಂದು ತುಂಬಿಸುತ್ತಾರೆ. ಅಮ್ಮ ಹೋದ ಮೇಲೆ ಈ ದರಬಾರೆಲ್ಲ ಅವರದೇ.

ನನ್ನ ಸರದಿಗೆ ಅವರೇ ಜಾಡಿ ಹೊತ್ತು ತಂದರು. ಒಬ್ಬರೇ ಇದ್ದೀರಿ, ಬೇಜಾರಾದ್ರೆ ಬೇರೆ ಮನೆಗೆ ಕೊಡ್ತೀನಿ ಅಣ್ಣ, ಅಂದರು. ಕೊಡಿ ಅಂದಿದ್ದರೆ ಈ ಕಾಗದವೇ ಇರುತ್ತಿರಲಿಲ್ಲ. ಏಕೆ, ನಾನು ಕಲಕಲಾರೆನೇ ಎಂದು ಇಸಿದುಕೊಂಡೆ. ಮೊದಲ ದಿನ ಮುಚ್ಚಳ ತೆಗೆದಾಗ ಬಂದ ವಾಸನೆ ಇದೆಯಲ್ಲ, ಲವಂಗ, ಕಿತ್ತಳೆ ಸಿಪ್ಪೆ, ಸಕ್ಕರೆ, ಎಲ್ಲ ಸೇರಿ ಮೂಗಿನಿಂದ ನೇರ ನಾಲಗೆಗೆ ಇಳಿಯಿತು. ನೀನು ಬಂದು ಹೋದಾಗಿನಿಂದ ಈ ಮನೆಯಲ್ಲಿ ಸಿಹಿ ಎಂಬ ಪದಾರ್ಥವೇ ಇಲ್ಲ, ಬಿಸ್ಕತ್ತಿನ ಡಬ್ಬಿಯಲ್ಲೂ ಉಪ್ಪಿನ ಬಿಸ್ಕತ್ತು ತುಂಬಿಸಿ ಹೋಗಿದ್ದೀಯ. ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡೆ. ಮಾರನೆಯ ದಿನ ಸೌಟಿನ ತುದಿಯಲ್ಲಿ. ಆಮೇಲೆ ಊಟದ ಚಮಚ ತಂದೆ. ಬಾಯಿಗಿಟ್ಟ ಚಮಚವನ್ನೇ ಮತ್ತೆ ಜಾಡಿಗೆ ಅದ್ದಿದೆ ಗುಬ್ಬಿ. ಎಂಜಲು. ಇಡೀ ಕಟ್ಟಡದವರು ತಿನ್ನುವ ಹಣ್ಣಿಗೆ ನನ್ನ ಎಂಜಲು. ಅಡುಗೆಮನೆಗೆ ನುಗ್ಗಿ ಸಕ್ಕರೆ ಮುಕ್ಕುವ ಹುಡುಗಿಯರನ್ನು ನೀನು ಹಾಸ್ಟೆಲ್ಲಿನಲ್ಲಿ ನಿಲ್ಲಿಸಿ ಕೇಳುತ್ತೀಯಲ್ಲ, ಹಸಿವೋ ಚಪಲವೋ ಎಂದು, ಹಾಗೆ ಯಾರಾದರೂ ನನ್ನನ್ನು ನಿಲ್ಲಿಸಿದ್ದರೆ ಚೆನ್ನಾಗಿತ್ತು.

ವಾರ ಮುಗಿಯುವಷ್ಟರಲ್ಲಿ ಜಾಡಿಯಲ್ಲಿ ಹಳ್ಳ ಬಿದ್ದಿತ್ತು. ಆಗ ನಿನ್ನ ಅಪ್ಪನ ಬುದ್ಧಿ ಕೆಲಸ ಮಾಡಿತು. ಕಿರಾಣಿ ಅಂಗಡಿಯಿಂದ ಅಗ್ಗದ ಒಣದ್ರಾಕ್ಷಿ ತಂದು ಸುರಿದೆ, ಹೂಜಿಯಿಂದ ನೀರು ಹಾಕಿದೆ, ಅದೇ ಅಂಗಡಿಯಿಂದ ತಂದ ಸಕ್ಕರೆ ಎರಡು ಹಿಡಿ ಉದುರಿಸಿದೆ. ಆಮೇಲೆ ಮಂಡಿ ನೋವನ್ನೂ ಲೆಕ್ಕಿಸದೆ ಕೂತು, ಕಣ್ಣನ್ನು ಪಟ್ಟಿಯ ನೇರಕ್ಕೆ ತಂದು, ತೂಕ ಮತ್ತು ಅಳತೆ ಇಲಾಖೆಯಲ್ಲಿ ಜೀವಮಾನವೆಲ್ಲ ಮಾಡಿದ ಹಾಗೆಯೇ ಮಟ್ಟ ನೋಡಿ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದಂತೆ ತುಂಬಿಸಿದೆ. ಹಾಲಿಗೆ ನೀರು ಬೆರೆಸಿದವರ ಕ್ಯಾನು ಬೀದಿಯಲ್ಲೇ ಬೋರಲು ಹಾಕಿಸಿದವನು ನಾನು. ತಕ್ಕಡಿ ಸಾಹೇಬರು ಅನ್ನುವ ಹೆಸರು ಸುಮ್ಮನೆ ಬಂದದ್ದಲ್ಲ. ಜಾಡಿ ತೆಗೆದುಕೊಳ್ಳಲು ಬಂದ ಮೇಲ್ಮನೆ ಆಂಟಿ ಪಟ್ಟಿ ನೋಡಿ, ನೋಡ್ರಮ್ಮ, ಸಾಹೇಬರ ಮನೆಯಿಂದ ಬಂದ್ರೆ ಒಂದು ಹನಿ ಕಮ್ಮಿ ಇರಲ್ಲ, ಎಂದು ಮೆಟ್ಟಿಲ ಮೇಲಿದ್ದವರಿಗೆಲ್ಲ ತೋರಿಸಿದರು. ನಾನು ನಕ್ಕೆ.

ಅಲ್ಲಿಂದ ಅದು ಹೋದದ್ದು ನೆಲಮಹಡಿಯ ನರ್ಸಿನ ಮನೆಗೆ. ನೀನು ಆಕೆಯನ್ನು ಒಮ್ಮೆ ನೋಡಿದ್ದೀಯ, ಅಮ್ಮನ ಕೊನೆಯ ದಿನಗಳಲ್ಲಿ ಕರೆಯದೇ ಬಂದು ಬೆನ್ನು ಒರೆಸಿ ಹೋಗುತ್ತಿದ್ದಳಲ್ಲ, ಆಕೆಯೇ. ಬಾಡಿಗೆಯವಳೆಂದು ಈವರೆಗೆ ಆಕೆಗೆ ಜಾಡಿ ಕೊಟ್ಟಿರಲಿಲ್ಲ. ಈ ವರ್ಷ ಕೊಟ್ಟಾಗ ಎಷ್ಟು ಹಿಗ್ಗಿದಳೆಂದರೆ, ಕಪಾಟು ತೊಳೆದು ಹೊಸ ಕಾಗದ ಹಾಸಿ ನನ್ನನ್ನು ಕರೆದು ತೋರಿಸಿದಳು. ಅಂಕಲ್, ಇಲ್ಲಿ ಇಟ್ರೆ ಬಿಸಿಲು ಬೀಳಲ್ಲ ಅಲ್ವಾ, ಎಂದು ಕೇಳಿದಳು. ಬೀಳಲ್ಲಮ್ಮ ಅಂದೆ.

ನಾಲ್ಕಾರು ದಿನ ಕಳೆದಿರಬೇಕು. ಜಾಡಿಯಲ್ಲಿ ನೊರೆ ಎದ್ದು, ಮುಚ್ಚಳ ಹಾರಿ, ಹುಳಿ ವಾಸನೆ ಮೆಟ್ಟಿಲುದ್ದಕ್ಕೂ ಹತ್ತಿತು. ಎಲ್ಲರೂ ಆಕೆಯ ಬಾಗಿಲಲ್ಲಿ ಸೇರಿದರು. ದಿನಾ ಕಲಕಿದೀನಿ ಆಂಟಿ, ಸೌಟು ಕೂಡ ಬಿಸಿಲಿಗಿಟ್ಟೇ ಮುಟ್ಟಿದೀನಿ, ಎಂದು ಆಕೆ ಹೇಳುತ್ತಲೇ ಇದ್ದಳು. ಡ್ಯೂಟಿ ಡ್ಯೂಟಿ ಅಂತ ಓಡಾಡೋರಿಗೆ ಕೊಟ್ಟಿದ್ದೇ ನಮ್ಮ ತಪ್ಪು, ಅಂದರು ಮೇಲ್ಮನೆ ಆಂಟಿ. ಆಸ್ಪತ್ರೆ ಕೈ ಅಲ್ವಾ, ಏನು ಅಂಟಿಸ್ಕೊಂಡು ಬಂದಿದ್ಲೋ, ಎಂದು ಟೈಲರು ಮೂಗು ಮುಚ್ಚಿಕೊಂಡೇ ಹೇಳಿದ. ಆ ಮಾತಿಗೆ ಆಕೆ ತನ್ನ ಎರಡೂ ಕೈಯನ್ನು ಸೀರೆಯ ಸೆರಗಿನೊಳಗೆ ಎಳೆದುಕೊಂಡಳು. ನಾನು ಅಲ್ಲೇ ನಿಂತಿದ್ದೆ. ಅಮ್ಮನ ಬೆನ್ನು ಒರೆಸಿದ ಕೈ ಅದು.

ಆಮೇಲೆ ಊಟ ಸೇರಲಿಲ್ಲ ಎಂದು ಬರೆದರೆ ಅದೂ ಸುಳ್ಳಾದೀತು, ಸೇರಿತು. ಆದರೆ ಬೆಳಿಗ್ಗೆ ಬೆಳಿಗ್ಗೆ ಆಕೆ ಡ್ಯೂಟಿಗೆ ಹೋಗುವ ಮುಂಚೆ ಬಂದು ನನ್ನ ಬೆರಳು ಚುಚ್ಚಿ ಸಕ್ಕರೆ ನೋಡುತ್ತಾಳಲ್ಲ, ಆಗ ಎದುರು ಕೂರಲು ಆಗುತ್ತಿರಲಿಲ್ಲ. ಸ್ನಾನಕ್ಕೆ ಹೋಗಿದ್ದೇನೆ ಎಂದು ಒಳಗಿನಿಂದ ಕೂಗಿ ತಪ್ಪಿಸಿಕೊಂಡೆ. ಅಷ್ಟರಲ್ಲಿ ಹೊಸ ಹಣ್ಣು ತಂದರು, ತಾರಸಿಯಲ್ಲಿ ಎಲ್ಲರೂ ಚಾಕು ಹಿಡಿದು ಕೂತು ಹೆಚ್ಚತೊಡಗಿದರು. ನರ್ಸನ್ನು ಕರೆದಿರಲಿಲ್ಲ. ಆಕೆ ಒಗೆದ ಬಟ್ಟೆ ಒಣಹಾಕಲು ಬಂದವಳು ನಮ್ಮೆಲ್ಲರನ್ನೂ ನೋಡಿ, ಬಕೆಟ್ಟಿನ ಸಮೇತ ವಾಪಸು ಹೊರಟಳು. ನನಗೆ ತಡೆಯಲಾಗಲಿಲ್ಲ. ನಿಲ್ಲಮ್ಮ, ತಪ್ಪು ನನ್ನದು, ಅಂದೆ.

ಇಷ್ಟಕ್ಕೇ ಬಾಯಿ ಮುಚ್ಚಿದ್ದರೆ ನಾನು ಮನುಷ್ಯನಾಗುತ್ತಿದ್ದೆ. ಎಲ್ಲರ ಚಾಕುಗಳೂ ನಿಂತವು, ಎಲ್ಲರೂ ನನ್ನ ಮುಖ ನೋಡಿದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನೆಲ ಬಾಯಿ ಬಿಡಲಿಲ್ಲ, ನಾನು ಬಿಟ್ಟೆ. ಸಂಜೆಯ ಹೊತ್ತು ಒಂದು ಚಮಚ ಹಣ್ಣನ್ನು ನಿನ್ನ ಅಮ್ಮನ ಫೋಟೊ ಮುಂದೆ ಇಡುತ್ತಿದ್ದೆ ಎಂದೆ. ಅವಳು ರುಚಿ ನೋಡಿ ನನಗೆ ಕೊಡುತ್ತಿದ್ದ ಹಾಗೆಯೇ, ಸ್ವಲ್ಪ ಹೊತ್ತು ಬಿಟ್ಟು ಅದನ್ನು ನಾನು ತಿನ್ನುತ್ತಿದ್ದೆ ಎಂದೆ. ದುಃಖದಲ್ಲಿ ಚಮಚ ಒದ್ದೆಯೋ ಒಣಗಿದ್ದೋ ತಿಳಿಯಲಿಲ್ಲ ಎಂದೆ. ಗುಬ್ಬಿ, ಈ ಮಾತುಗಳು ಎಲ್ಲಿಂದ ಬಂದವೋ, ಕಟ್ಟಿಟ್ಟ ಹಾಗೆ ಒಂದರ ಹಿಂದೆ ಒಂದು ಬಂದವು. ಮೇಲ್ಮನೆ ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಟೈಲರು ಎದ್ದು ಬಂದು ನನ್ನ ಭುಜ ಹಿಡಿದುಕೊಂಡ. ಅವರೆಲ್ಲ ಅತ್ತದ್ದು ನೋಡಿ ನನಗೂ ಅಳು ಬಂತು, ಮತ್ತು ಆ ಗಳಿಗೆಯಲ್ಲಿ ಎಲ್ಲವೂ ನಿಜವೆಂದೇ ನಂಬಿದೆ.

ನಿಜ ಏನೆಂದು ನಿನಗೆ ಗೊತ್ತು. ಅಮ್ಮ ಯಾರಿಗೂ ಜಾಡಿಯಿಂದ ಒಂದು ಚೂರು ಕೊಟ್ಟವಳಲ್ಲ, ಕೈ ಚಾಚಿದರೆ ಸೌಟಿನಲ್ಲಿ ಗೆಣ್ಣಿಗೆ ಬಾರಿಸುತ್ತಿದ್ದಳು. ಮತ್ತೆ ನಿನಗೆ ಗೊತ್ತಿಲ್ಲದ್ದು ಇದು. ತಿನ್ನುವ ಮೊದಲು ನಾನು ಎದ್ದು ಹೋಗಿ, ಫೋಟೊ ಇರುವ ಕೋಣೆಯ ಬಾಗಿಲು ಎಳೆದುಕೊಂಡು ಬರುತ್ತಿದ್ದೆ. ದುಃಖಕ್ಕೆ ತಿನ್ನುವವನು ಹಾಗೆ ಮಾಡುವುದಿಲ್ಲ. ನಾನು ರುಚಿಗೆ ತಿಂದೆ. ಆ ಹೊತ್ತಿನಲ್ಲಿ ಅವಳ ನೆನಪು ಬರದೇ ಇರಲಿ ಎಂದು ಬಾಗಿಲು ಹಾಕಿ ತಿಂದೆ. ತಿಂದದ್ದಕ್ಕೆ ಬೇಕಾದರೆ ಕ್ಷಮೆ ಇದೆ, ನಾಲಗೆ ಯಾರನ್ನು ಬಿಟ್ಟಿದೆ. ಸಿಕ್ಕಿಬೀಳುವ ಹೊತ್ತಿಗೆ ಸತ್ತವಳನ್ನು ಎಳೆದು ತಂದು ನನ್ನ ಮುಂದೆ ನಿಲ್ಲಿಸಿಕೊಂಡೆನಲ್ಲ, ಅದಕ್ಕೆ ಏನು ಹೇಳಲಿ? ಇಂಗ್ಲಿಷ್ ಲೆಕ್ಚರರ್ ಇದಕ್ಕೊಂದು ಪದ ಹೇಳಿದ್ದರು, ಡಿಸ್‌ಗ್ರೇಸ್‌ಫುಲ್ಲಿಗಿಂತ ಒಂದು ಮೆಟ್ಟಿಲು ಕೆಳಗಿನದು. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತೆಗೆದುಕೊಂಡಿದ್ದೆ, ಈಗ ಬೇಕಾದಾಗ ಬರುತ್ತಿಲ್ಲ.

ಇನ್ನೂ ಕೇಳು. ಈ ವರ್ಷದ ಕೇಕನ್ನು ಅಮ್ಮನ ಹೆಸರಿನಲ್ಲಿ ಮಾಡುವುದೆಂದು ತೀರ್ಮಾನವಾಗಿದೆ. ಬೇಕರಿಯವನು ಅದರ ಮೇಲೆ ಅವಳ ಹೆಸರು ಬರೆದು, ಪಕ್ಕದಲ್ಲಿ ಸಕ್ಕರೆಯಿಂದ ಒಂದು ಚಮಚದ ಚಿತ್ರ ಬಿಡಿಸುತ್ತಾನಂತೆ. ಚಾಕು ನನ್ನ ಕೈಗೆ. ಎರಡು ಮಾತು ಆಡಬೇಕಂತೆ. ಇದನ್ನೆಲ್ಲ ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ನಿನ್ನೆ ಬೆಳಿಗ್ಗೆ ನರ್ಸು ಬಂದಳು. ಬೆರಳು ಚುಚ್ಚಿ, ಮಷಿನ್ ನೋಡಿ, ಪರವಾಗಿಲ್ಲ ಅಂಕಲ್, ಇಳಿದಿದೆ, ಅಂದಳು. ನಿಮ್ಮ ಮೇಲೆ ಒಂದು ಗಳಿಗೆ ಸಿಟ್ಟು ಬಂದಿತ್ತು, ಕ್ಷಮಿಸಿ, ಅಂದಳು. ಆಮೇಲೆ ಹತ್ತಿಯನ್ನು ನನ್ನ ಬೆರಳಿಗೆ ಒತ್ತಿಕೊಂಡೇ, ಅವತ್ತಿಂದ ನಾನೂ ನಮ್ಮಮ್ಮನ ಫೋಟೊ ಮುಂದೆ ಒಂದು ಲೋಟ ಕಾಫಿ ಇಡ್ತಿದೀನಿ, ಆಮೇಲೆ ಆರಿದ್ದನ್ನ ನಾನೇ ಕುಡೀತೀನಿ, ಎಷ್ಟೋ ಸಮಾಧಾನ ಆಗುತ್ತೆ, ನೀವು ಹೇಳದಿದ್ರೆ ನನಗೆ ಹೊಳೀತಾನೇ ಇರಲಿಲ್ಲ, ಅಂದಳು. ನಾನು ಬೆರಳು ಬಿಡಿಸಿಕೊಂಡೆ. ಆಕೆ ನೋವಾಯ್ತಾ ಎಂದು ಕೇಳಿದಳು.

ಬೈಸಿಕೊಂಡದ್ದನ್ನು ಆಕೆ ಮರೆಯಬಹುದು. ಆ ಆರಿದ ಕಾಫಿಯನ್ನು ಆಕೆಯ ಕೈಯಿಂದ ಹೇಗೆ ಕಿತ್ತುಕೊಳ್ಳಲಿ? ಸುಳ್ಳೆಂದು ಹೇಳಿದರೆ ಆಕೆಗೆ ಸಿಕ್ಕ ಸಮಾಧಾನ ಹೋಗುತ್ತದೆ, ಆದ್ದರಿಂದ ಸುಮ್ಮನಿರುವುದೇ ವಾಸಿ ಎಂದು ಒಂದು ಸಲ ಅನ್ನಿಸಿತು. ಕೂಡಲೇ ಗೊತ್ತಾಯಿತು, ಇದೂ ಬಾಗಿಲು ಎಳೆದುಕೊಳ್ಳುವ ಉಪಾಯವೇ ಎಂದು. ಅದಕ್ಕೇ ಕಾಗದ ತೆಗೆದು ಕೂತೆ.

ಹುಡುಗಿಯರ ಮೇಲೆ ತೀರಾ ರೇಗಬೇಡ. ಹೊತ್ತಿಗೆ ಸರಿಯಾಗಿ ಉಣ್ಣು, ನನ್ನ ಯೋಚನೆಯಲ್ಲಿ ನಿದ್ದೆ ಕೆಡಿಸಿಕೊಳ್ಳಬೇಡ. ಹೊಸ ವರ್ಷ ನಿನ್ನನ್ನು ತಣ್ಣಗಿಟ್ಟಿರಲಿ. ಅಮ್ಮನ ಪರವಾಗಿಯೂ ಆಶೀರ್ವಾದ ಎಂದು ಪ್ರತಿಸಲ ಬರೆಯುತ್ತಿದ್ದೆ. ಈ ಸಲ ಅವಳ ಪರವಾಗಿ ಏನನ್ನೂ ಬರೆಯುವುದಿಲ್ಲ, ನನ್ನದಷ್ಟೇ ಕಳಿಸುತ್ತಿದ್ದೇನೆ.

ನಿನ್ನ
ಅಪ್ಪ

ಮರೆತಿದ್ದೆ: ಮೂವತ್ತೊಂದರ ಸಂಜೆ ಕೇಕ್ ಕತ್ತರಿಸುವಾಗ ಮೇಲ್ಮನೆ ಆಂಟಿ ನಿನಗೆ ಫೋನ್ ಮಾಡಿ, ಎಲ್ಲರಿಗೂ ಕೇಳಿಸುವ ಹಾಗೆ ಸ್ಪೀಕರಿನಲ್ಲಿ ಇಡುತ್ತಾರಂತೆ. ಅಷ್ಟರೊಳಗೆ ಎಲ್ಲರೆದುರು ನಿಜ ಹೇಳಿಬಿಡಬೇಕೆಂದಿದ್ದೇನೆ, ಆದರೆ ನನ್ನನ್ನು ನಂಬಬೇಡ. ನೀನು ಫೋನೆತ್ತಿದ ಕೂಡಲೇ ಅವರು ನನ್ನನ್ನು ಬೈದರೆ ನಾನು ಹೇಳಿದ್ದೇನೆ ಎಂದು ತಿಳಿ, ಸುಮ್ಮನೆ ಕೇಳಿಸಿಕೊ, ನನ್ನ ಪರ ವಹಿಸಬೇಡ. ನಿಮ್ಮಪ್ಪ ಎಂಥವರಮ್ಮ ಎಂದು ಗದ್ಗದವಾಗಿ ಶುರುಮಾಡಿದರೆ ನಾನು ಮತ್ತೆ ಜಾರಿದ್ದೇನೆ. ಆಗ ಈ ಕಾಗದವನ್ನು ಜಾಡಿಯ ವಿಷಯದಿಂದ ಹಿಡಿದು ಕೊನೆಯವರೆಗೂ ಗಟ್ಟಿಯಾಗಿ ಓದು. ನಡುವೆ ನಾನು ಸಾಕು ಎಂದು ಕೂಗಿದರೂ ನಿಲ್ಲಿಸಬೇಡ. ಓದುವ ಮುಂಚೆ, ನರ್ಸು ಅಲ್ಲಿದ್ದಾಳೆಯೇ ಎಂದು ಕೇಳು. ಇಲ್ಲದಿದ್ದರೆ ಕರೆಸಿಕೊಂಡ ಮೇಲೇ ಶುರುಮಾಡು.