ನಾಲ್ಕನೇ ಸೀಟು

ಶಿರೀಷ್, ಈ ಪತ್ರವನ್ನು ನಿನಗೆ ಕಳಿಸುವುದಿಲ್ಲ, ಆದರೆ ಹೇಳದೆ ಇರಲಾರೆ. ನಮ್ಮ ವಿಚ್ಛೇದನವಾದಾಗಿನಿಂದ ನಿದ್ದೆ, ಊಟ ಬಿಟ್ಟ ನನಗೆ ಒಂದು ಕಾಯಿಲೆಯಂತೆ. ಹೆಸರೇನು ಗೊತ್ತೇ? 'ಅಡ್ಜಸ್ಟ್‌ಮೆಂಟ್ ಡಿಸಾರ್ಡರ್'! ನಿನ್ನ ಅಮ್ಮನ ಜೊತೆ ಇಪ್ಪತ್ತು ವರ್ಷ ಅಡ್ಜಸ್ಟ್ ಮಾಡಿಕೊಂಡವಳಿಗೆ!

"ಮಾತ್ರೆ ಬರ್ಕೊಡಿ, ಹೋಗ್ತೀನಿ" ಎಂದೆ. ಮನೋವೈದ್ಯ ಡಾಕ್ಟರ್ ಪೆಂಢಾರ್ಕರ್ ನಕ್ಕರು.

"ನಿದ್ದೆಗೆ ಬೇಕಾದ್ರೆ ನಾಲ್ಕು ದಿನ ಕೊಡ್ತೀನಿ. ಆದ್ರೆ ನಿಮಗೆ ಮಾತ್ರೆಗಿಂತ ಮಾತೇ ಮದ್ದು. ವಾರವಾರ ಬಂದು ಮಾತಾಡಿ. ಈ ವಾರದ ಮನೆಪಾಠ ಏನಂದ್ರೆ, ಯಾರಿಗಾದ್ರೂ ಒಂದ್ಸಲ 'ಆಗಲ್ಲ' ಅನ್ನಿ."

ಇವತ್ತು ಕಲ್ಯಾಣ್ ಲೋಕಲ್ ರೈಲಿನಲ್ಲಿ ಅಂದೇಬಿಟ್ಟೆ! ಮೂವರ ಸೀಟಿನಲ್ಲಿ ನಾಲ್ವರು ಕೂರುವುದು ಇಲ್ಲಿನ ಧರ್ಮವಲ್ಲವೇ? ದಾದರ್‌ನಲ್ಲಿ ಸೊಪ್ಪಿನ ಚೀಲ ಹಿಡಿದು ಹತ್ತಿದವಳೊಬ್ಬಳು ನನ್ನ ಭುಜ ತಟ್ಟಿ, "ಸ್ವಲ್ಪ ಸರ್ಕೊಳ್ಳಿ ಅಕ್ಕಾ" ಎಂದಳು.

"ಆಗಲ್ಲ!"

ಇಡೀ ಬೋಗಿಯೇ ನನ್ನತ್ತ ತಿರುಗಿತು. "ಅಬ್ಬಾ, ಮಹಾರಾಣಿ!" ಎಂದರು ಯಾರೋ. ನನಗೋ ಎದ್ದು ಕುಣಿಯುವಷ್ಟು ಖುಷಿ!

ಸೊಪ್ಪಿನವಳು ಮಾತ್ರ ಸಿಟ್ಟಾಗಲಿಲ್ಲ. ಬಗ್ಗಿ ನನ್ನ ಮುಖ ನೋಡಿ, "ಯಾಕಕ್ಕಾ, ತುಂಬಾ ಸುಸ್ತಾಗಿದೀರಾ?" ಎಂದು ಕೇಳಿದಳು.

ಅಷ್ಟೇ ಶಿರೀಷ್. ಅಷ್ಟು ಕೇಳಿದ್ದಕ್ಕೇ ನಾನು ಸರಿದು ಜಾಗ ಕೊಟ್ಟುಬಿಟ್ಟೆ.