ಐದನೇ ಸಹಿ ಬರುವ ಹೊತ್ತಿಗೆ

ಮನೆ, ಅಡುಗೆಕೋಣೆಯ ಮೇಜು
ಇಪ್ಪತ್ತೊಂದನೇ ತಾರೀಖು, ಸೋಮವಾರ, ಮಧ್ಯಾಹ್ನ ಎರಡೂವರೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬಲಗೈ ಹೇಗಿದೆ? ಗುರುವಾರ ನೀನು ಹಿತ್ತಲ ಬಾಗಿಲಿಂದ ಬಂದು, ಸಿಂಕಿನಲ್ಲಿ ಕೈ ತೊಳೆದು, ಅದೇ ಬಾಗಿಲಿಂದ ಓಡಿದೆಯಂತೆ. ನಾನು ಆಫೀಸಿನಿಂದ ಬರುವ ಹೊತ್ತಿಗೆ ಅಮ್ಮ ಸಿಂಕನ್ನು ಅರ್ಧ ಉಜ್ಜಿದ್ದಳು. ಉಳಿದರ್ಧದಲ್ಲಿದ್ದ ರಕ್ತದಲ್ಲಿ ನಿನ್ನದೆಷ್ಟು, ಬೇರೆಯವರದೆಷ್ಟು ಎಂದು ನನಗೆ ತಿಳಿಯಲಿಲ್ಲ. ಕೈಗೆ ಗಾಜು ಹೊಕ್ಕಿದ್ದರೆ ಒತ್ತಬೇಡ, ಯಾರಾದರೂ ಡಾಕ್ಟರಿಗೆ ತೋರಿಸು. ಹದಿನಾಲ್ಕು ವರ್ಷ ಬಾಟಲಿ ಕಾರ್ಖಾನೆಯಲ್ಲಿ ಬೆಂದವನಿಗೆ ಗಾಜಿನ ಪಾಠ ಹೇಳುವುದು ಮೀನಿಗೆ ಈಜು ಕಲಿಸಿದ ಹಾಗೆ. ಆದರೂ ಅಕ್ಕ ಅಂದಮೇಲೆ ಒಂದು ಮಾತು ಹೇಳಲೇಬೇಕಲ್ಲ.

ಅಮ್ಮ ಚೆನ್ನಾಗಿದ್ದಾಳೆ. ನೀನು ತರಬೇತಿಗೆ ಹೋಗಿದ್ದೀಯ ಎಂದು ಅವಳಿಗೆ ಹೇಳಿದೆ. "ತರಬೇತಿಗೆ ಹೋಗೋನು ಬರಿಗಾಲಲ್ಲಿ ಹೋಗ್ತಾನೇನೆ?" ಅಂದಳು. ಇದು ಬರಿಗಾಲಿನ ತರಬೇತಿ ಅಂದೆ. "ನಿಮ್ಮ ಆಫೀಸಲ್ಲಿ ಸುಳ್ಳು ಬರೆಯೋಕೂ ಬೇರೆ ಪುಸ್ತಕ ಇಟ್ಟಿದ್ದಾರಾ?" ಅಂದಳು. ನಿನ್ನ ಲಾರಿ ಗೆಳೆಯ ಈಗ ಮುಂದಿನ ಕೋಣೆಯಲ್ಲಿ ಊಟಕ್ಕೆ ಕೂತಿದ್ದಾನೆ. ಅಮ್ಮ ಅವನಿಗೆ ನಿನಗೆ ಬಡಿಸುವಷ್ಟು ಬಡಿಸಿ, ನಿನ್ನನ್ನು ಬೈಯುವಷ್ಟು ಬೈಯುತ್ತಿದ್ದಾಳೆ. ನೀನೆಲ್ಲಿದ್ದೀಯ ಎಂದು ನಾನು ಕೇಳಿಲ್ಲ, ಅವನೂ ಹೇಳಿಲ್ಲ. ಎರಡು ಶರ್ಟು ಮತ್ತು ಈ ಕಾಗದ ಮುಟ್ಟಿಸುತ್ತೇನೆ ಅಂದಿದ್ದಾನೆ. ಅವನ ಊಟ ಮುಗಿಯುವುದರೊಳಗೆ ಬರೆಯಬೇಕು. ನಡೆದದ್ದನ್ನು ತಾರೀಖಿನ ಪ್ರಕಾರ ಹೇಳುತ್ತೇನೆ. ಬೇರೆ ಥರ ಹೇಳಿ ನನಗೆ ಅಭ್ಯಾಸವಿಲ್ಲ.

ಹನ್ನೊಂದನೇ ತಾರೀಖು ಶುಕ್ರವಾರ ಬೋರ್ಡಿಗೆ ಪಟ್ಟಿ ಬಿತ್ತು. ತಿಂಗಳ ಕೊನೆಗೆ ಗಾಜು ಕರಗಿಸುವ ಎರಡನೇ ಒಲೆ ಆರಿಸುತ್ತಾರೆ, ನೂರಾ ಹನ್ನೆರಡು ಜನ ಮನೆಗೆ. ಏಳನೇ ಹೆಸರು ನಿನ್ನದು. ಅದನ್ನು ಟೈಪ್ ಮಾಡಿದವಳು ನಾನೇ. ನಿನ್ನ ಹೆಸರು ಹೊಡೆದು, ನಿಲ್ಲದೆ ಎಂಟನೆಯದಕ್ಕೆ ಹೋದೆ. ಅಂದು ಅದನ್ನು ಕೆಲಸದ ಶಿಸ್ತು ಅಂದುಕೊಂಡಿದ್ದೆ. ಬೋರ್ಡಿಗೆ ಹಾಕಿದವನು ಎಂದಿನಂತೆ ನಮ್ಮ ಜವಾನ, ನೀವೆಲ್ಲ ಸೂಜಿಮಾವ ಅಂತ ಕರೆಯುವವನು. ನಾಲ್ಕು ಗುಂಡುಸೂಜಿಯನ್ನು ತುಟಿಗಳ ನಡುವೆ ಕಚ್ಚಿಕೊಂಡು, ಕಾಗದವನ್ನು ಎರಡು ಕೈಯಲ್ಲಿ ದೇವರ ಪಟದಂತೆ ಹಿಡಿದು ಮೆಟ್ಟಿಲಿಳಿಯುತ್ತಾನಲ್ಲ, ಹಾಗೆಯೇ ಇಳಿದ. ಮೂವತ್ತೊಂದು ವರ್ಷ ಹೀಗೇ ಇಳಿದಿದ್ದಾನೆ. ಸೂಜಿ ಬಾಯಲ್ಲಿದ್ದಾಗ ಅವನು ಯಾರಿಗೂ ಉತ್ತರ ಕೊಡುವುದಿಲ್ಲ, ಕೊಡಲಾಗುವುದೂ ಇಲ್ಲ.

ಹದಿನೈದನೇ ತಾರೀಖು ಮಂಗಳವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ, ಮುಖ್ಯ ಕಚೇರಿಯಿಂದ ಒಂದು ಕಾಗದ ಬಂತು. ಇನ್ವರ್ಡ್ ರಿಜಿಸ್ಟರಿನಲ್ಲಿ ಆ ದಿನದ ಮೂರನೇ ನಮೂದು, ನನ್ನದೇ ಕೈಬರಹ. ಕಾಗದದಲ್ಲಿದ್ದದ್ದು ನಾಲ್ಕೇ ಸಾಲು. ಔಷಧಿ ಬಾಟಲಿಗಳ ದೊಡ್ಡ ಆರ್ಡರು ಸಿಕ್ಕಿದೆ, ಎರಡನೇ ಒಲೆ ಉರಿಯಲಿ, ಪಟ್ಟಿ ರದ್ದು, ಒಬ್ಬರನ್ನೂ ತೆಗೆಯತಕ್ಕದ್ದಲ್ಲ. ಇನ್ನೊಮ್ಮೆ ಓದಿಕೋ ತಮ್ಮಾ. ಅದು ಮಂಗಳವಾರ ಬಂತು. ನೀವು ಗೇಟು ಮುರಿದದ್ದು ಗುರುವಾರ.

ಎರಡು ದಿನ ಅದು ಎಲ್ಲಿತ್ತು ಎಂದು ನೀನು ಹಲ್ಲು ಕಚ್ಚಿ ಕೇಳುವುದು ನನಗೆ ಇಲ್ಲಿಗೇ ಕೇಳಿಸುತ್ತದೆ. ನನ್ನ ಟ್ರೇನಲ್ಲಿತ್ತು. ಬಂದ ಪ್ರತಿ ಕಾಗದಕ್ಕೂ ನಾವು ಒಂದು ಹಳದಿ ಚೀಟಿ ಅಂಟಿಸುತ್ತೇವೆ. ಚೀಟಿಯಲ್ಲಿ ಐದು ಸಹಿಗೆ ಐದು ಮನೆ: ಮ್ಯಾನೇಜರು, ಸಿಬ್ಬಂದಿ ವಿಭಾಗ, ಲೆಕ್ಕಪತ್ರ, ಭದ್ರತೆ, ಕೊನೆಗೆ ಒಲೆಗಳ ಮುಖ್ಯಸ್ಥರು. ಐದೂ ಬಿದ್ದ ಮೇಲೆಯೇ ಬೋರ್ಡು. ಬುಧವಾರ ಮಧ್ಯಾಹ್ನಕ್ಕೆ ನಾಲ್ಕು ಬಿದ್ದಿದ್ದವು. ಐದನೆಯವರು ಹಲ್ಲು ಕೀಳಿಸಲು ರಜೆ ಹಾಕಿದ್ದರು. ನೂರಾ ಹನ್ನೆರಡು ಮನೆಯ ಅನ್ನ ಒಬ್ಬರ ದವಡೆಹಲ್ಲಿಗಾಗಿ ಕಾದು ಕೂತಿತ್ತು. ಸಹಿ ಹಾಕಿದ ನಾಲ್ವರಿಗೂ ವಿಷಯ ಗೊತ್ತಿತ್ತು. ಹೇಳುವುದು ಇನ್ನೊಬ್ಬರ ಕೆಲಸ ಎಂದು ನಾಲ್ವರೂ ತಿಳಿದಿದ್ದರು. ಹಳೆಯ ಪಟ್ಟಿಯನ್ನು ಬೋರ್ಡಿನಿಂದ ತೆಗೆಯೋಣವೇ ಎಂದು ನಾನು ಸಿಬ್ಬಂದಿ ವಿಭಾಗದವರನ್ನು ಕೇಳಿದೆ. "ತೆಗೆಯೋಕೆ ಆದೇಶ ಎಲ್ಲಿದೆ?" ಅಂದರು. ಆದೇಶ ಟ್ರೇನಲ್ಲಿದೆ ಅಂದೆ. "ಹಾಗಾದರೆ ಬರಲಿ" ಅಂದರು.

ನಿನಗೆ ಗೊತ್ತಲ್ಲ, ನನಗೆ ಪ್ರಾಸದ ಹುಚ್ಚು. ಕೆಲಸಕ್ಕೆ ಸೇರಿದ ವರ್ಷವೇ ನನ್ನ ಮೇಜಿಗೊಂದು ಕಟ್ಟಿಕೊಂಡಿದ್ದೆ: "ಬಂದದ್ದು ಬರೆ, ಸಹಿಗೆ ಕರೆ, ಕೇಳಿದವರಿಗೆ ಮಾತ್ರ ಮರೆ." ಒಮ್ಮೆ ಮಾತ್ರ ಇದನ್ನು ಮುರಿದೆ. ಹನ್ನೊಂದು ವರ್ಷದ ಹಿಂದೆ ಉಗ್ರಾಣದವನಿಗೆ, "ನಿನ್ನ ಬಡ್ತಿ ಬಂದಿದೆಯಪ್ಪಾ" ಎಂದು ಮೂರು ಸಹಿ ಬಿದ್ದಾಗಲೇ ಹೇಳಿಬಿಟ್ಟೆ. ನಾಲ್ಕನೇ ಸಾಹೇಬರು ಅದಕ್ಕೆ ಅಡ್ಡಗೀಟು ಎಳೆದರು. ಅಷ್ಟರಲ್ಲಿ ಆತ ಇಡೀ ಪಾಳಿಗೆ ಸಿಹಿ ಹಂಚಿ ಆಗಿತ್ತು. ಮೂರು ತಿಂಗಳು ಅವನು ಕ್ಯಾಂಟೀನಿಗೆ ಬರಲಿಲ್ಲ, ನಾನು ಕ್ಷಮಾಪಣೆ ಬರೆದುಕೊಟ್ಟೆ. ಅಂದಿನಿಂದ ಬಾಯಿಗೆ ಬೀಗ. ಅದು ಒಳ್ಳೆಯ ಬೀಗವೇ ತಮ್ಮಾ, ಸುಮ್ಮನೆ ಹಾಕಿದ್ದಲ್ಲ. ಅದಕ್ಕೇ ಬುಧವಾರ ಸಂಜೆಯ ವಿಷಯ ಬರೆಯಲು ಕೈ ಏಳುತ್ತಿಲ್ಲ.

ಬುಧವಾರ ಸಂಜೆ ನೀನು ಇದೇ ಮೇಜಿನ ಆಚೆ ಕೂತಿದ್ದೆ. ಅಮ್ಮ ಸ್ನಾನಕ್ಕೆ ಹೋಗಿದ್ದಳು. ಐದು ದಿನದಿಂದ ನೀನು ನನ್ನನ್ನು ಏನೂ ಕೇಳಿರಲಿಲ್ಲ. ನಾನು ಹೇಳುವವಳಲ್ಲ ಎಂದು ನಿನಗೆ ಗೊತ್ತು, ಗೆಳೆಯರು ಚುಚ್ಚಿದರೂ ನೀನು ಕೇಳಿರಲಿಲ್ಲ. ಅಂದು ಮಾತ್ರ ತಟ್ಟೆ ಸರಿಸಿ ಕೇಳಿದೆ: "ಅಕ್ಕಾ, ಒಂದೇ ಮಾತು. ನಮ್ಮ ಒಲೆ ಆರುತ್ತಾ?" ನಾನು ತಲೆ ಎತ್ತಲಿಲ್ಲ. "ಬೋರ್ಡು ನೋಡು" ಅಂದೆ. ನಾಳೆ ನೋಡು, ಒಳ್ಳೆಯದಿರುತ್ತೆ ಅನ್ನುವುದು ನನ್ನ ಮನಸ್ಸಿನ ಅರ್ಥ. ನೀನು ಕಂಡದ್ದು ತಲೆ ಎತ್ತದ ಅಕ್ಕನನ್ನು, ಮತ್ತು ಬೋರ್ಡಿನ ಮೇಲೆ ಏಳನೆಯದಾಗಿ ನಿಂತ ನಿನ್ನ ಹೆಸರನ್ನು. "ಸರಿ ಬಿಡು, ಉತ್ತರ ಸಿಕ್ತು" ಅಂದು ಎದ್ದು ಹೋದೆ. ನಾನು ತಟ್ಟೆ ತೊಳೆದೆ. ನಾಲ್ಕು ಹೆಜ್ಜೆ ಹಿಂದೆ ಬಂದು ನಾಲ್ಕು ಸಾಲು ಹೇಳಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದವರು ಎಲ್ಲೋ ಆಫೀಸಿನಲ್ಲಿ ದುಡಿದವರೇ ಇರಬೇಕು.

ಗುರುವಾರ ಒಂಬತ್ತು ಐವತ್ತಕ್ಕೆ ಒಲೆಗಳ ಮುಖ್ಯಸ್ಥರು ಊದಿದ ಕೆನ್ನೆ ಹಿಡಿದುಕೊಂಡು ಬಂದರು, ಕುರ್ಚಿಯಲ್ಲೂ ಕೂರದೆ ಐದನೇ ಸಹಿ ಹಾಕಿದರು. ಕಾಗದವನ್ನು ಸೂಜಿಮಾವನ ಕೈಗೆ ಕೊಟ್ಟವಳು ನಾನು. "ಓಡು ಮಾವ" ಅಂದೆ. ಅವನು ಓದಿಕೊಂಡು ನಕ್ಕ, "ಇವತ್ತು ನನ್ನನ್ನ ಹೆಗಲ ಮೇಲೆ ಹೊತ್ಕೋತಾರೆ ನೋಡು" ಅಂದ. ಆಮೇಲೆ ಸೂಜಿ ಕಚ್ಚಿದ. ಅದೇ ಹೊತ್ತಿಗೆ ಕೆಳಗೆ ಗೇಟು ಬಿತ್ತು. ನಾನು ಕಿಟಕಿಗೆ ಬಂದೆ. ಬಾಟಲಿ ರಾಶಿ ಹಾಕಿದ ಅಂಗಳಕ್ಕೆ ನಿಮ್ಮವರು ನುಗ್ಗಿದ್ದರು. ಸಾಲು ಸಾಲು ಪೆಟ್ಟಿಗೆ ಉರುಳಿದವು. ಗಾಜು ಒಡೆಯುವ ಸದ್ದು ನನಗೆ ಹೊಸದಲ್ಲ, ಆದರೆ ಇಷ್ಟು ಗಾಜು ಒಮ್ಮೆಲೇ ಒಡೆದಾಗ ಅದು ಸದ್ದಿನಂತೆ ಕೇಳಿಸುವುದಿಲ್ಲ, ಕೆನ್ನೆಗೆ ಬಾರಿಸಿದಂತಿರುತ್ತದೆ. ಯಾರೋ ಭದ್ರತೆಯವನನ್ನು ಕಾಲು ಹಿಡಿದು ಒಡೆದ ಗಾಜಿನ ಮೇಲೆಯೇ ಎಳೆದರು. ಅವನ ಬೆನ್ನಿನ ಅಂಗಿ ಹರಿದು, ಆಮೇಲೆ ಬೆನ್ನು ಹರಿಯಿತು. ಲೆಕ್ಕಪತ್ರದ ಕಿಟಕಿಗೆ ಕಲ್ಲು, ಬಾಟಲಿ, ಕುರ್ಚಿ. ಮ್ಯಾನೇಜರು ನನ್ನ ಮೇಜಿನ ಅಡಿ ಹೊಕ್ಕರು. ಹದಿನೆಂಟು ವರ್ಷದಲ್ಲಿ ಅವರು ನನ್ನ ಮೇಜಿನ ಹತ್ತಿರ ಬಂದದ್ದು ಅದೇ ಮೊದಲು.

ಸೂಜಿಮಾವ ಕೊನೆಯ ಮೆಟ್ಟಿಲಲ್ಲಿ ನಿಂತಿದ್ದ. ಕಾಗದ ಎರಡು ಕೈಯಲ್ಲಿ. "ನೋಡ್ರೋ, ಎರಡನೇ ಪಟ್ಟಿ ತಂದ!" ಎಂದು ಯಾರೋ ಕೂಗಿದರು. "ಏನದು? ಬಾಯ್ಬಿಡೋ ಮುದುಕ! ಯಾರ ಹೆಸರು?" ಅವನು ಕಾಗದವನ್ನು ಮುಂದೆ ಚಾಚಿದ, ತಲೆ ಅಡ್ಡ ಆಡಿಸಿದ. ಬಾಯಿ ತೆರೆಯಲು ಸೂಜಿ ತೆಗೆಯಬೇಕು, ಸೂಜಿ ತೆಗೆಯಲು ಕಾಗದ ಬಿಡಬೇಕು. ಅವನು ಕಾಗದ ಬಿಡಲಿಲ್ಲ. ಗಾಜು ಕೆದಕುವ ಕಬ್ಬಿಣದ ಸಲಾಕೆ ಮೇಲೆದ್ದದ್ದನ್ನು ಕಂಡೆ. ಮೊದಲ ಏಟು ದವಡೆಗೆ. ಸೌದೆ ಸೀಳಿದಂತೆ ಕೇಳಿಸಿತು, ಮೇಲಿನ ಮಹಡಿಗೂ ಕೇಳಿಸಿತು. ಅವನು ಬೀಳಲಿಲ್ಲ, ಆಶ್ಚರ್ಯಪಟ್ಟವನಂತೆ ನಿಂತೇ ಇದ್ದ. ಎರಡನೇ ಏಟು ಮಂಡಿಗೆ. ಆಗ ಬಿದ್ದ. ಆಮೇಲೆ ಕಾಲುಗಳು, ಹತ್ತಾರು ಜೋಡಿ, ಅವನ ಮೇಲೆ, ಕಾಗದದ ಮೇಲೆ. ಒಂದು ಸೂಜಿ ನಾಲಗೆಗೆ ಚುಚ್ಚಿ ಆಚೆ ಬಂದಿತ್ತು, ಇನ್ನೊಂದು ಗಂಟಲಿಗಿಳಿದಿತ್ತು. ಉಳಿದೆರಡನ್ನು ಡಾಕ್ಟರು ಕೆನ್ನೆಯಿಂದ ತೆಗೆದರಂತೆ. ರಕ್ತಕ್ಕೆ ಪ್ರಾಸ ಹುಡುಕಬಾರದು ತಮ್ಮಾ. ಸುಲಭವಾಗಿ ಸಿಗುತ್ತದೆ, ಅದೇ ಭಯ.

ಪೊಲೀಸರು ಗುರುವಾರ ಕೇಳಿದರು, ಶುಕ್ರವಾರ ಮತ್ತೆ ಕೇಳಿದರು: ಸಲಾಕೆ ಯಾರ ಕೈಯಲ್ಲಿತ್ತು? ಜನಜಂಗುಳಿ, ಧೂಳು, ಕಾಣಲಿಲ್ಲ ಅಂದೆ. ಅಂಗಳದಲ್ಲಿ ಎಲ್ಲರೂ ಎಲ್ಲರಿಗೂ ಹೊಡೆಯುತ್ತಿದ್ದರು, ನಿನ್ನ ಹೆಸರು ಇನ್ನೂ ಯಾರ ಬಾಯಲ್ಲೂ ಇಲ್ಲ. ಶುಕ್ರವಾರ ಮಧ್ಯಾಹ್ನ ಮ್ಯಾನೇಜರು ನನ್ನನ್ನು ಒಳಗೆ ಕರೆದು ಟೀ ಕೊಟ್ಟರು. ಟೀ ಬಂದಾಗಲೇ ನನಗೆ ಅರ್ಥವಾಯಿತು. "ಮೇಡಂ, ಮಂಗಳವಾರದ ಆ ಮೂರನೇ ನಮೂದನ್ನ ಗುರುವಾರಕ್ಕೆ ಇಳಿಸಿಬಿಡಿ. ಕಾಗದ ಗಲಾಟೆ ಆದ್ಮೇಲೆ ಬಂತು ಅಂದ್ರೆ ನಿಮಗೂ ತೊಂದರೆ ಇಲ್ಲ, ನಮಗೂ ಇಲ್ಲ" ಅಂದರು. ಆ ಹಳದಿ ಚೀಟಿ ಕಾಲ್ತುಳಿತಕ್ಕೆ ಸಿಕ್ಕಿ ಹೋಗಿದೆ. ಉಳಿದ ಸಾಕ್ಷಿ ನನ್ನ ರಿಜಿಸ್ಟರು ಒಂದೇ. ಅದನ್ನು ತಿದ್ದಿದರೆ ಐವರೂ ಪಾರು, ನಾನೂ ಪಾರು. ಕಾರಣವೇ ಇಲ್ಲದೆ ಮುದುಕನೊಬ್ಬನ ದವಡೆ ಒಡೆದ ಪುಂಡರು ಮಾತ್ರ ಉಳಿಯುತ್ತಾರೆ. ಯೋಚಿಸಿ ಹೇಳುತ್ತೇನೆ ಅಂದೆ. ಟೀ ಕುಡಿದೆ, ಸುಳ್ಳೇಕೆ, ಚೆನ್ನಾಗಿತ್ತು.

ಶನಿವಾರ ಆಸ್ಪತ್ರೆಗೆ ಹೋದೆ. ಮಾವನ ದವಡೆಯನ್ನು ತಂತಿಯಿಂದ ಕಟ್ಟಿದ್ದಾರೆ, ಕಾಲು ಮೇಲೆ ತೂಗಿಸಿದ್ದಾರೆ. ಮುಖ ಅವನದೆಂದು ಗೊತ್ತಾದದ್ದು ಕಣ್ಣಿನಿಂದ. ಅತ್ತೆ ಪಕ್ಕದಲ್ಲಿ ಕೂತು ನಳಿಗೆಯಲ್ಲಿ ನೀರು ಬಿಡುತ್ತಿದ್ದರು. ಅವನು ಬೆರಳಾಡಿಸಿ ಪೆನ್ನು ಕೇಳಿದ. ಈಗ ಹೆಸರು ಬರೆಯುತ್ತಾನೆ ಅಂದುಕೊಂಡೆ. ಹೊಡೆದವನ ಮುಖ ಅವನ ಮುಖದಿಂದ ಒಂದು ಮೊಳ ದೂರದಲ್ಲಿತ್ತು, ಮೇಲಾಗಿ ಅವನನ್ನು ಚಿಕ್ಕಂದಿನಿಂದ ಮಾವ ಎಂದು ಕರೆದ ಮುಖ. ಔಷಧಿ ಚೀಟಿಯ ಹಿಂದೆ ಓರೆಕೋರೆಯಾಗಿ ಬರೆದ: "ನೋಟೀಸು ಹಾಕಿದ್ರಾ?"

ಹಾಕಿರಲಿಲ್ಲ ಕಣೋ. ಹರಿದ ಕಾಗದದ ಬದಲು ನಕಲು ಪ್ರತಿಗೆ ಮತ್ತೆ ಐದು ಸಹಿ ಆಗಬೇಕು ಅಂದಿದ್ದರು. ಇಷ್ಟೆಲ್ಲ ಆದಮೇಲೂ ಬೋರ್ಡಿನ ಮೇಲೆ ಅದೇ ಹಳೆಯ ಪಟ್ಟಿ ತೂಗುತ್ತಿತ್ತು. ನಾನು ಅಲ್ಲಿಂದ ನೇರ ಕಾರ್ಖಾನೆಗೆ ನಡೆದೆ. ಗೇಟಿನ ಪೊಲೀಸನಿಗೆ ಆಫೀಸಿನ ಕೆಲಸ ಅಂದೆ. ಬೋರ್ಡಿನ ಗಾಜಿನ ಚೂರನ್ನು ಸೆರಗಿನಿಂದ ಸರಿಸಿ, ಪಟ್ಟಿ ಕಿತ್ತು, ಒಂದೂ ಸಹಿಯಿಲ್ಲದ ನಕಲನ್ನು ಹಾಕಿದೆ. ಕಾಗದ ಹಿಡಿಯಲು ಎರಡು ಕೈ ಬೇಕೇ ಬೇಕು. ಸೂಜಿಯನ್ನು ನಾನೂ ಬಾಯಲ್ಲೇ ಕಚ್ಚಿದೆ. ಕಬ್ಬಿಣದ ರುಚಿ. ಸಂಜೆಯೊಳಗೆ ಸುದ್ದಿ ಎಲ್ಲ ಮನೆಗೂ ಮುಟ್ಟಿತು. ಕೆಲವರು ಅಳುತ್ತಾ ಬಂದರು, ಕೆಲವರು ಬರಲೇ ಇಲ್ಲ.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಅದರ ಜೊತೆ ಬೈಗುಳವನ್ನೂ ಹೇಳಿದ್ದಾಳೆ, ಬೈಗುಳ ಉದ್ದವಿರುವುದರಿಂದ ಬರೆದಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು. ಕೈಯನ್ನು ನೀರಿಗೆ ಒಡ್ಡಬೇಡ. ನೀನು ಹೇಗಿದ್ದರೂ ನಿನಗೆ ಒಳ್ಳೆಯದಾಗಲಿ ಎಂದು ಬಯಸುವ,

ನಿನ್ನ ಅಕ್ಕ

ಮರೆತ ಮಾತು: ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಕಾರ್ಖಾನೆಯಲ್ಲಿ ವಿಚಾರಣೆ, ಮೊದಲ ಸಾಕ್ಷಿ ನಾನು. ರಿಜಿಸ್ಟರು ತಿದ್ದಿಲ್ಲ, ಚೀಲದಲ್ಲಿ ಹಾಕಿಕೊಂಡು ಮನೆಗೇ ತಂದಿದ್ದೇನೆ. ಎರಡು ಮಾತು ಹೇಳುತ್ತೇನೆ. ಕಾಗದ ಮಂಗಳವಾರ ಹನ್ನೊಂದು ಇಪ್ಪತ್ತರಿಂದ ನನ್ನ ಟ್ರೇನಲ್ಲಿತ್ತು ಅನ್ನುವುದು ಒಂದು. ಸಲಾಕೆ ನಿನ್ನ ಕೈಯಲ್ಲಿತ್ತು ಅನ್ನುವುದು ಇನ್ನೊಂದು. ಒಂದನ್ನು ಹೇಳಿ ಇನ್ನೊಂದನ್ನು ನುಂಗಲು ನನ್ನಿಂದಾಗದು. ಯಾರಿಗೂ ತಿಳಿಯುವ ಮೊದಲು ನಿನಗೆ ಹೇಳುತ್ತಿದ್ದೇನೆ, ಬುಧವಾರ ಮಾಡಬೇಕಿದ್ದ ಕೆಲಸ. ಒಂಬತ್ತಕ್ಕೆ ಗೇಟಿನ ಹತ್ತಿರ ನಿಂತಿರುತ್ತೇನೆ. ನೀನೇ ಬಂದರೆ ಇಬ್ಬರೂ ಜೊತೆಗೆ ಒಳಗೆ ಹೋಗೋಣ, ನಿನ್ನದನ್ನು ನೀನು ಹೇಳು, ನನ್ನದನ್ನು ನಾನು ಹೇಳುತ್ತೇನೆ. ಹತ್ತಾಯಿತೆಂದರೆ ಎರಡನ್ನೂ ನಾನೇ ಹೇಳುತ್ತೇನೆ.