ಬೆಚ್ಚಗಿರುವುದು ನನ್ನ ಒಲೆ, ನಮ್ಮ ಬೀದಿಯಲ್ಲ

ಮಾನ್ಯ ವಿದ್ಯುತ್ ಸ್ಥಾವರದ ಅಧಿಕಾರಿಗಳೇ,

ಇಪ್ಪತ್ತಮೂರು ದಿನಗಳಿಂದ ನಿಮ್ಮ ಬಿಸಿನೀರಿನ ಕೊಳವೆಯಲ್ಲಿ ನಮ್ಮ ಬೀದಿಯ ಮನೆಗಳಿಗೆ ಬರುತ್ತಿರುವುದು ತಣ್ಣೀರು. ನೀವು ಅದನ್ನು ಬಿಸಿಯೆಂದು ಬರೆದುಕೊಳ್ಳುತ್ತಿದ್ದೀರಿ. ಗೊತ್ತಿಲ್ಲದೆ ಬರೆದುಕೊಳ್ಳುತ್ತಿದ್ದೀರಿ ಎಂದು ಮೊನ್ನೆಯವರೆಗೆ ನಂಬಿದ್ದೆ. ಈಗ ಆ ನಂಬಿಕೆಯಿಲ್ಲ.

ಅನಿಲ ಉರಿಸಿ ಕರೆಂಟು ತೆಗೆಯುತ್ತೇವೆ, ಉಳಿದ ಶಾಖದಿಂದ ನೀರು ಕಾಯಿಸಿ, ಕೊಳವೆಯಲ್ಲಿ ಹರಿಸಿ ಮನೆಮನೆಯನ್ನೂ ಬೆಚ್ಚಗಿಡುತ್ತೇವೆ, ಒಂದು ಚೂರೂ ವ್ಯರ್ಥವಿಲ್ಲ ಎನ್ನುತ್ತದೆ ನಿಮ್ಮ ಗೇಟಿನ ಫಲಕ. ಕರೆಂಟಿನ ಬಗ್ಗೆ ತಕರಾರಿಲ್ಲ. ನಡುಗುವ ಕೈಗಳು ಚೆನ್ನಾಗಿ ಕಾಣುವಷ್ಟು ಬೆಳಕಿದೆ. ನಿಮ್ಮ ಚಿಮಣಿಯ ನೆರಳು ಬೀಳುವುದು ನಮ್ಮ ಬೀದಿಯ ಮೇಲೆಯೇ. ದೀಪದ ಬುಡದಲ್ಲಿ ಕತ್ತಲೆ ಎಂದು ಕೇಳಿದ್ದೆ. ಬೆಂಕಿಯ ಬುಡದಲ್ಲಿ ಚಳಿ ಎಂಬುದನ್ನು ನೀವು ಕಲಿಸಿದಿರಿ.

ನಾನು ಬೇಕರಿಯವನು. ಅಂಗಡಿಯ ಕಟ್ಟಡದಲ್ಲೇ ಮೂರನೇ ಮಹಡಿಯಲ್ಲಿ ನಮ್ಮ ಮನೆ. ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಮೊಮ್ಮಗಳು ಇನ್ನೂ ಎರಡು ಕಿಲೋ ಕೂಡ ಇಲ್ಲ. ಕೋಣೆ ಬೆಚ್ಚಗಿರಲೇಬೇಕು, ಇಲ್ಲದಿದ್ದರೆ ಮಗು ಉಳಿಯುವುದು ಕಷ್ಟ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ಆ ಕೋಣೆಯಲ್ಲಿ ಹನ್ನೊಂದು ಡಿಗ್ರಿ. ಹಾಗಾಗಿ ಮೊಮ್ಮಗಳೀಗ ಬೇಕರಿಯಲ್ಲಿ, ಬ್ರೆಡ್ಡಿನ ಹಿಟ್ಟು ಉಬ್ಬಲು ಇಡುವ ಪುಟ್ಟ ಕೋಣೆಯಲ್ಲಿ, ಟ್ರೇಗಳ ನಡುವೆ ಮಲಗುತ್ತಾಳೆ. ಹಿಟ್ಟು ಉಬ್ಬಿತೇ ಎಂದು ಇಣುಕುತ್ತಿದ್ದವನು ಈಗ ಅವಳ ಎದೆ ಏರಿಳಿಯುವುದನ್ನೇ ನೋಡುತ್ತ ಕೂರುತ್ತೇನೆ. ಭಯವಾಗುತ್ತದೆ, ಸ್ವಾಮಿ.

ನಾಲ್ಕು ಸಲ ನಿಮ್ಮ ಕಚೇರಿಗೆ ಅಲೆದೆ. ನಾಲ್ಕನೇ ಸಲ ಗುಮಾಸ್ತರು ಕಂಪ್ಯೂಟರಿನ ಪರದೆ ನೋಡಿ, "ನಿಮ್ಮ ಬೀದೀಲಿ ಇಪ್ಪತ್ತಾರು ಡಿಗ್ರಿ ಇದೆಯಲ್ಲ, ಇನ್ನೆಷ್ಟು ಬೇಕು?" ಅಂದರು. ನಮ್ಮ ಬೀದಿಯಲ್ಲಿ ಇಪ್ಪತ್ತಾರು ಡಿಗ್ರಿ ಇರುವ ಜಾಗ ಒಂದೇ, ನನ್ನ ಒಲೆಯ ಹಿಂದಿನ ಗೋಡೆ. ಆಗ ನೆನಪಾಯಿತು. ಹೋದ ಚಳಿಗಾಲದ ಕೊನೆಗೆ ನಿಮ್ಮ ಫಿಟ್ಟರು ಬೀದಿಯ ಶಾಖ ಅಳೆಯುವ ಪೆಟ್ಟಿಗೆ ಹಿಡಿದು ಬಂದಿದ್ದ. ಮಹಡಿಯ ಮನೆಯಲ್ಲಿ ಹಾಕಪ್ಪ ಎಂದರೆ, "ಇಲ್ಲೇ ಒಲೆ ಹಿಂದೆ ಹೊಡೀತೀನಿ ಯಜಮಾನ್ರೇ, ಬೆಚ್ಚಗಿದ್ರೆ ಕೈ ಆಡುತ್ತೆ" ಅಂದ. ಪಾಪ, ಚಳಿಯಲ್ಲಿ ಬಂದಿದ್ದಾನೆಂದು ಬಿಸಿ ಬನ್ನು ಕೊಟ್ಟೆ. ಸುತ್ತಿಗೆಯನ್ನೂ ನಾನೇ ಕೊಟ್ಟೆ. ಅದು ನನ್ನ ತಪ್ಪು, ಒಪ್ಪಿಕೊಂಡಿದ್ದೇನೆ. ಅಂದಿನಿಂದ ಬೀದಿಯೆಲ್ಲ ಬೆಚ್ಚಗಿದೆಯೆಂದು ನನ್ನ ಒಲೆಯೇ ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತಿದೆ.

ಫಿಟ್ಟರನ ಸೋಮಾರಿತನ ಎಂದು ಬಿಟ್ಟುಬಿಡಬಹುದಿತ್ತು. ಆದರೆ ನಿನ್ನೆ ಬೆಳಗ್ಗೆ ಮಗುವಿದ್ದ ಕೋಣೆಯ ಬಾಗಿಲು ಭದ್ರ ಮಾಡಿ, ಒಲೆ ಆರಿಸಿ, ಹಿಂಬದಿಯ ಕಿಟಕಿ ತೆರೆದಿಟ್ಟೆ. ಇಪ್ಪತ್ತಮೂರು ದಿನ ತಾನಾಗಿ ಒಂದು ಫೋನೂ ಮಾಡದ ನಿಮ್ಮ ಕಚೇರಿಯಿಂದ ಎರಡೇ ಗಂಟೆಯಲ್ಲಿ ಫೋನು. ಕೊಳವೆಯ ಮಾತಿಲ್ಲ, ಮನೆಗಳ ಮಾತಿಲ್ಲ. "ಯಾಕ್ರೀ, ಇವತ್ತು ಒಲೆ ಹಚ್ಚಿಲ್ವಾ?" ಎಂದು ಕೇಳಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನಿನ್ನೂ ಕಳ್ಳ ಎಂದಿರಲೂ ಇಲ್ಲ! ಪೆಟ್ಟಿಗೆ ಎಲ್ಲಿದೆಯೆಂದು ನಿಮಗೆ ಗೊತ್ತಿತ್ತು. ಎಂದಿನಿಂದ ಗೊತ್ತಿತ್ತು? ನಮ್ಮ ಪಾಲಿನ ಶಾಖ ಯಾರ ಮನೆ ಸೇರುತ್ತಿದೆ? ಇಂಥ ಇನ್ನೆಷ್ಟು ಪೆಟ್ಟಿಗೆಗಳು ಇನ್ನೆಷ್ಟು ಒಲೆಗಳ ಹಿಂದಿವೆ?

ಇವಕ್ಕೆಲ್ಲ ನಿಧಾನವಾಗಿಯೇ ಉತ್ತರಿಸಿ. ಆದರೆ ಆ ಪೆಟ್ಟಿಗೆಯನ್ನು ನಾಳೆಯೇ ಕೀಳಿಸಿ, ಮೂರನೇ ಮಹಡಿಯಲ್ಲಿ ಮೊಮ್ಮಗಳ ತೊಟ್ಟಿಲ ಪಕ್ಕದ ಗೋಡೆಗೆ ಹೊಡೆಸಿ. ಸುತ್ತಿಗೆ ಈ ಸಲವೂ ನಾನೇ ಕೊಡುತ್ತೇನೆ. ತೊಟ್ಟಿಲು ಸದ್ಯಕ್ಕೆ ಖಾಲಿಯಿದೆ. ಅದು ಖಾಲಿಯಾಗಿಯೇ ಉಳಿದರೆ, ನಮ್ಮ ಮನೆಯ ಚಳಿ ಅಳೆಯಲು ನಿಮಗೆ ಪೆಟ್ಟಿಗೆ ಬೇಕಾಗುವುದಿಲ್ಲ.

ಇಂತಿ,
ನಿಮ್ಮ ಪರದೆಯ ಮೇಲೆ ಮಾತ್ರ ಬೆಚ್ಚಗಿರುವ
ಬೇಕರಿಯ ಅಜ್ಜ